ರೆಕ್ಕೆ ಮೇಲೆ ಹಿಮ ಇತ್ತು, ಕಂಡವರೂ ಇದ್ದರು

ಕುರುಗೋಡು ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕರು. ಟೊರಾಂಟೊದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಜನವರಿಯಲ್ಲಿ ಊರಿಗೆ ಬಂದಿದ್ದರು. ಕೆನಡಾ ಹೇಗಿತ್ತು ಮೇಷ್ಟ್ರೇ ಎಂದು ಕೇಳಿದರೆ, ಅವರು ಊರಿನ ಸುದ್ದಿ ಬಿಟ್ಟು ವಿಮಾನದ ಸುದ್ದಿ ತೆಗೆದರು.

"ಎಲ್ಲಾರೂ ಹತ್ತಿ ಕೂತಿದ್ವಿ ತಮ್ಮಾ. ಬಾಗಿಲು ಹಾಕಿದ್ರು. ವಿಮಾನ ಮಾತ್ರ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಲಾರಿ ಬಂದ್ವು. ಇಲ್ಲಿ ಬೀದಿ ದೀಪ ರಿಪೇರಿ ಮಾಡ್ತಾರಲ್ಲ, ಅಂಥ ಬುಟ್ಟಿ ಇರೋ ಲಾರಿ. ಮೇಲೆ ನಿಂತವನು ರೆಕ್ಕೆಗೆ ಕಿತ್ತಳೆ ಬಣ್ಣದ ಬಿಸಿನೀರು ಹೊಡೆದ. ಆಮೇಲೆ ಹಸಿರು ಬಣ್ಣದ್ದು ಹೊಡೆದ. ಥೇಟ್ ನಮ್ಮ ಸಿರುಗುಪ್ಪದ ಕಡೆ ಭತ್ತಕ್ಕೆ ಎಣ್ಣೆ ಹೊಡೆದಂಗೆ! ಒಂದು ತಾಸು ಅದರಲ್ಲೇ ಹೋಯ್ತು. ನಾನು ಕಿಟಕಿಯಿಂದ ನೋಡಿದೆ, ಅಷ್ಟೇನೂ ಹಿಮ ಇರಲಿಲ್ಲ. ಬೇಕು ಅಂತ ತೀರ್ಮಾನ ಮಾಡೋರು ಯಾರು? ಯಾವ ಲೆಕ್ಕದ ಮೇಲೆ?"

ನಮಗೆ ಉತ್ತರ ಗೊತ್ತಿರಲಿಲ್ಲ. ಬಳ್ಳಾರಿಯವರಿಗೆ ಗೊತ್ತಿರುವುದು ಬಿಸಿಲು. ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟದ ಊರು ನಮ್ಮದು. ಆದರೆ ನಮ್ಮ ಕಡೆಯ ಮಕ್ಕಳು ಓದಿಗೆ, ಕೆಲಸಕ್ಕೆ ಟೊರಾಂಟೊ, ಶಿಕಾಗೊ ಎಂದು ಹೋಗಿದ್ದಾರೆ. ಅವರ ಅಪ್ಪ ಅಮ್ಮ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಹೋಗಿ ಬರುತ್ತಾರೆ. ಹಾಗಾಗಿ ಇದು ನಮ್ಮ ಮನೆಯ ಪ್ರಶ್ನೆಯೂ ಆಗಿದೆ. ಹುಡುಕಿ ಓದುತ್ತಾ ಹೋದಾಗ ತಿಳಿದದ್ದು ಇಷ್ಟು: ಮೇಷ್ಟ್ರು ಕಾದ ಆ ಒಂದು ತಾಸಿನ ಹಿಂದೆ ಐದು ಅಪಘಾತಗಳ ಚರಿತ್ರೆ ಇದೆ. ಅದನ್ನೇ ಇಲ್ಲಿ ಹೇಳುತ್ತೇವೆ.

ಸ್ವಲ್ಪ ಹಿಮ ಇದ್ದರೆ ಏನಾಗುತ್ತದೆ?

ಹಿಮದ ಭಾರಕ್ಕೆ ವಿಮಾನ ಏಳುವುದಿಲ್ಲ ಎಂದು ನಾವೂ ಅಂದುಕೊಂಡಿದ್ದೆವು. ಮುಖ್ಯ ತೊಂದರೆ ಭಾರದ್ದಲ್ಲ, ಒರಟಿನದು. ರೆಕ್ಕೆಯ ಮೇಲ್ಮೈ ನಯವಾಗಿದ್ದರೆ ಗಾಳಿ ಅದಕ್ಕೆ ಅಂಟಿಕೊಂಡು ಹರಿಯುತ್ತದೆ. ಹಾಗೆ ಹರಿದರೇನೇ ರೆಕ್ಕೆಗೆ ವಿಮಾನವನ್ನು ಎತ್ತುವ ಬಲ ಬರುತ್ತದೆ. ಬಡಗಿಗಳು ಮರ ಉಜ್ಜುವ ಸ್ಯಾಂಡ್ ಪೇಪರ್ ನೋಡಿದ್ದೀರಲ್ಲ, ಅಷ್ಟು ದಪ್ಪದ, ಅಷ್ಟು ಒರಟಿನ ಹಿಮದ ಪುಡಿ ರೆಕ್ಕೆಯ ಮುಂಭಾಗದಲ್ಲೂ ಮೇಲೂ ಕೂತರೆ ಎತ್ತುವ ಬಲ ಶೇ. 30ರವರೆಗೆ ಕಡಿಮೆಯಾಗಬಹುದು. ಹಿಂದಕ್ಕೆ ಎಳೆಯುವ ಗಾಳಿಯ ತಡೆ ಶೇ. 40ರವರೆಗೆ ಹೆಚ್ಚಬಹುದು. ಅಂದರೆ ನೆಲ ಬಿಟ್ಟ ವಿಮಾನ ಮೇಲೇರಲಾಗದೆ ಮತ್ತೆ ಕೆಳಗೆ ಬೀಳಬಹುದು. ಕಿಟಕಿಯಿಂದ ನೋಡುವವರಿಗೆ ಇದು "ಅಷ್ಟೇನೂ ಹಿಮ ಇರಲಿಲ್ಲ" ಎಂದೇ ಕಾಣುತ್ತದೆ.

ಇನ್ನೊಂದು ಮಾತು. ಉಡಾನ್ ಯೋಜನೆಯಲ್ಲಿ 2017ರಲ್ಲಿ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಹೈದರಾಬಾದಿನಿಂದ ಎಟಿಆರ್ ವಿಮಾನ ಬರತೊಡಗಿತು. ಆ ಜಾತಿಯ ವಿಮಾನದ ರೆಕ್ಕೆಯ ಮುಂಅಂಚಿಗೆ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಹಾರುವಾಗ ಅಲ್ಲಿ ಐಸ್ ಕಟ್ಟಿದರೆ ಪಟ್ಟಿಯೊಳಗೆ ಗಾಳಿ ತುಂಬಿ, ಅದು ಉಬ್ಬಿ, ಐಸ್ ಒಡೆದು ಉದುರುತ್ತದೆ. ದೊಡ್ಡ ಜೆಟ್ ವಿಮಾನಗಳಲ್ಲಿ ಈ ಕೆಲಸಕ್ಕೆ ಎಂಜಿನ್‌ನ ಬಿಸಿ ಗಾಳಿ ಬಳಸುತ್ತಾರೆ. ಆದರೆ ಇವೆಲ್ಲ ಆಕಾಶದಲ್ಲಿ ಹಾರುವಾಗಿನ ಏರ್ಪಾಡು. ನೆಲದ ಮೇಲೆ ನಿಂತ ವಿಮಾನದ ರೆಕ್ಕೆ ತುಂಬಾ ಹಿಮ ಬಿದ್ದರೆ ಇವುಗಳಿಂದ ಹೋಗುವುದಿಲ್ಲ. ಅದನ್ನು ಹೊರಡುವ ಮೊದಲೇ ಮನುಷ್ಯರು ತೆಗೆಯಬೇಕು. ತೆಗೆಯಬೇಕೋ ಬೇಡವೋ ಎಂದು ಮನುಷ್ಯರೇ ನೋಡಿ ಹೇಳಬೇಕು.

ಮ್ಯೂನಿಕ್, 1958: ಸತ್ತ ಮೇಲೆ ನಡೆದ ವಾದ

1958ರ ಫೆಬ್ರುವರಿ 6. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಇದ್ದ ವಿಮಾನ ಜರ್ಮನಿಯ ಮ್ಯೂನಿಕ್‌ನಲ್ಲಿ ಇಂಧನ ತುಂಬಿಸಿಕೊಂಡು ಹೊರಟಿತು. ಹಿಮ ಬೀಳುತ್ತಿತ್ತು. ಎರಡು ಸಲ ಓಡಿ ನಿಂತು, ಮೂರನೇ ಸಲ ಓಡುವಾಗ ಮೇಲೇಳಲಾಗದೆ ರನ್‌ವೇ ದಾಟಿ ಹೋಗಿ ಮನೆಯೊಂದಕ್ಕೆ ಬಡಿಯಿತು. 44 ಜನರಲ್ಲಿ 23 ಮಂದಿ ಸತ್ತರು. ಅವರಲ್ಲಿ 8 ಜನ ಆಟಗಾರರು.

ಜರ್ಮನಿಯ ತನಿಖೆ ತಪ್ಪನ್ನು ಕ್ಯಾಪ್ಟನ್ ಜೇಮ್ಸ್ ಥೇನ್ ಮೇಲೆ ಹಾಕಿತು. ರೆಕ್ಕೆ ಮೇಲಿನ ಐಸ್ ತೆಗೆಸದೆ ಹೊರಟರು ಎಂಬುದು ಆರೋಪ. ರೆಕ್ಕೆ ಮೇಲೆ ಐಸ್ ಇರಲಿಲ್ಲ, ರನ್‌ವೇ ಮೇಲಿನ ಕೆಸರಿನಂಥ ಹಿಮದಿಂದ ವೇಗ ಬರಲಿಲ್ಲ ಎಂದು ಥೇನ್ ಹತ್ತು ವರ್ಷ ಹೋರಾಡಿದರು. ಕೊನೆಗೆ ಬ್ರಿಟನ್ನಿನ ತನಿಖೆ 1969ರಲ್ಲಿ ಅವರ ಮಾತನ್ನು ಒಪ್ಪಿ ದೋಷಮುಕ್ತರನ್ನಾಗಿ ಮಾಡಿತು. ಆ ಹೊತ್ತಿಗೆ ಅವರ ಪೈಲಟ್ ಕೆಲಸ ಹೋಗಿತ್ತು. 1975ರಲ್ಲಿ ತೀರಿಕೊಂಡರು.

ಬಿದ್ದ ವಿಮಾನದ ಮೇಲೂ ಹಿಮ ಬೀಳುತ್ತದೆ. ಹೊರಡುವ ಕ್ಷಣದಲ್ಲಿ ರೆಕ್ಕೆ ಹೇಗಿತ್ತು ಎಂದು ಗಂಟೆಗಟ್ಟಲೆ ಆದ ಮೇಲೆ ಖಚಿತವಾಗಿ ಹೇಳುವುದು ಬಹಳ ಕಷ್ಟ. ಹಾಗಾಗಿ ಹೊರಡುವ ಮೊದಲು ಯಾರು ನೋಡಿದರು, ಏನು ಕಂಡಿತು, ಯಾರಿಗೆ ಹೇಳಿದರು ಎಂಬುದಕ್ಕೆ ಒಂದು ಕ್ರಮ ಬೇಕಿತ್ತು. ಅದು ಬರುವುದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು.

ವಾಷಿಂಗ್ಟನ್, 1982: ಹೊಡೆದದ್ದು ಎಷ್ಟು ಹೊತ್ತು ನಿಲ್ಲುತ್ತದೆ?

1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾ ಕಂಪನಿಯ ಬೋಯಿಂಗ್ 737 ವಿಮಾನಕ್ಕೆ ಐಸ್ ತೆಗೆಯುವ ದ್ರವ ಹೊಡೆದರು. ಆದರೆ ಹೊಡೆದ ಮೇಲೆ ಸಾಲಿನಲ್ಲಿ ಸುಮಾರು 49 ನಿಮಿಷ ಕಾಯಬೇಕಾಯಿತು. ಅಷ್ಟೂ ಹೊತ್ತು ಹಿಮ ಬೀಳುತ್ತಲೇ ಇತ್ತು. ರೆಕ್ಕೆ ಮೇಲೆ ಮತ್ತೆ ಹಿಮ ಕೂತಿದೆ ಎಂದು ಪೈಲಟ್‌ಗಳಿಗೂ ಗೊತ್ತಿತ್ತು. ಎಂಜಿನ್‌ಗೆ ಐಸ್ ಕಟ್ಟದಂತೆ ಬಿಸಿ ಮಾಡುವ ಸ್ವಿಚ್ ಹಾಕಿರಲಿಲ್ಲ. ಅದರಿಂದ ಎಂಜಿನ್ ಬಲ ತೋರಿಸುವ ಮಾಪಕ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು.

ರನ್‌ವೇ ಮೇಲೆ ಓಡುವಾಗ ಸಹ ಪೈಲಟ್‌ಗೆ ಅನುಮಾನ ಬಂತು. ಮಾಪಕ ಸರಿ ಕಾಣುತ್ತಿಲ್ಲ ಎಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಕ್ಯಾಪ್ಟನ್ ವಿಮಾನ ನಿಲ್ಲಿಸಲಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಅದು ಸೇತುವೆಗೆ ಬಡಿದು, ಹೆಪ್ಪುಗಟ್ಟಿದ್ದ ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಜನರಲ್ಲಿ 74 ಮಂದಿ, ಸೇತುವೆ ಮೇಲೆ ವಾಹನಗಳಲ್ಲಿದ್ದ 4 ಮಂದಿ ಸತ್ತರು.

ಇಲ್ಲಿ ಎರಡು ತಪ್ಪು ಕಾಣುತ್ತವೆ. ಒಮ್ಮೆ ಹೊಡೆದರೆ ಮುಗಿಯಿತು ಎಂದುಕೊಂಡದ್ದು ಒಂದು. ಚಿಕ್ಕವರು ಹೇಳಿದ್ದನ್ನು ದೊಡ್ಡವರು ಕಿವಿಗೆ ಹಾಕಿಕೊಳ್ಳದ್ದು ಇನ್ನೊಂದು.

ಡ್ರೈಡನ್, 1989: ಎಲ್ಲರೂ ನೋಡಿದರು

ನಮ್ಮನ್ನು ಹೆಚ್ಚು ಕಾಡಿದ್ದು ಕೆನಡಾದ ಈ ಕಥೆ. ಮೇಷ್ಟ್ರ ಮಗಳಿರುವ ಒಂಟಾರಿಯೊ ಪ್ರಾಂತ್ಯದಲ್ಲೇ ಡ್ರೈಡನ್ ಎಂಬ ಸಣ್ಣ ಊರಿದೆ. 1989ರ ಮಾರ್ಚ್ 10ರಂದು ಏರ್ ಒಂಟಾರಿಯೊ ಕಂಪನಿಯ ಫೋಕರ್ ಎಫ್-28 ವಿಮಾನ ಥಂಡರ್ ಬೇ ಎಂಬ ಊರಿನಿಂದ ಬಂದು ಡ್ರೈಡನ್‌ನಲ್ಲಿ ಇಳಿಯಿತು. ಮುಂದೆ ವಿನ್ನಿಪೆಗ್‌ಗೆ ಹೋಗಬೇಕಿತ್ತು. ರಜೆ ಶುರುವಾಗುವ ಸಮಯ, ವಿಮಾನ ಭರ್ತಿ.

ತೊಂದರೆ ಬೆಳಿಗ್ಗೆಯೇ ಇತ್ತು. ಎಂಜಿನ್ ನಿಂತಾಗ ಮತ್ತೆ ಚಾಲೂ ಮಾಡಲು ವಿಮಾನದ ಹಿಂಭಾಗದಲ್ಲಿ ಒಂದು ಸಣ್ಣ ಸಹಾಯಕ ಎಂಜಿನ್ ಇರುತ್ತದೆ. ಅದು ಕೆಟ್ಟಿತ್ತು. ರಿಪೇರಿ ಮಾಡದೆ ಮುಂದೂಡಿದ್ದರು. ಡ್ರೈಡನ್‌ನಲ್ಲಿ ಹೊರಗಿನಿಂದ ಚಾಲೂ ಮಾಡುವ ಯಂತ್ರವೂ ಇರಲಿಲ್ಲ. ಎರಡೂ ಎಂಜಿನ್ ನಿಲ್ಲಿಸಿದರೆ ವಿಮಾನ ಅಲ್ಲೇ ಬಾಕಿ. ಹಾಗಾಗಿ ಒಂದು ಎಂಜಿನ್ ಓಡಿಸುತ್ತಲೇ ಇಂಧನ ತುಂಬಿಸಿದರು.

ಥಂಡರ್ ಬೇಯಲ್ಲಿ ರದ್ದಾದ ಇನ್ನೊಂದು ವಿಮಾನದ 10 ಪ್ರಯಾಣಿಕರನ್ನು ಇದಕ್ಕೆ ಹತ್ತಿಸಿದ್ದರು. ಭಾರ ಹೆಚ್ಚಾಯಿತೆಂದು ಜನರನ್ನು ಇಳಿಸುವ ಬದಲು ಇಂಧನ ತೆಗೆದಿದ್ದರು. ಅದರಿಂದ ತಡವಾಯಿತು. ಮುಂದಿನ ವಿಮಾನ ಹಿಡಿಯಬೇಕಾದವರು ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಹಿಮ ಬೀಳತೊಡಗಿತು.

ಡ್ರೈಡನ್‌ನಲ್ಲಿ ಐಸ್ ತೆಗೆಯುವ ದ್ರವ ಇತ್ತು. ಆದರೆ ಎಂಜಿನ್ ಓಡುವಾಗ ಅದನ್ನು ಹೊಡೆಯಬಾರದು ಎಂಬ ನಿಯಮವೂ ಇತ್ತು. ಹೊಡೆಸಬೇಕಾದರೆ ಎಂಜಿನ್ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಚಾಲೂ ಆಗುವುದಿಲ್ಲ. ಕ್ಯಾಪ್ಟನ್ ದ್ರವ ಹೊಡೆಸಲಿಲ್ಲ. ಸಾಲದ್ದಕ್ಕೆ ಕೊನೆ ಗಳಿಗೆಯಲ್ಲಿ ಒಂದು ಸಣ್ಣ ವಿಮಾನ ಇಳಿಯುವುದನ್ನು ಕಾಯಬೇಕಾಯಿತು. ಹಿಮ ಇನ್ನಷ್ಟು ಕೂತಿತು.

ವಿಮಾನದೊಳಗೆ ಪ್ರಯಾಣಿಕರಿಗೆ ರೆಕ್ಕೆ ಕಾಣುತ್ತಿತ್ತು. ಅವರ ನಡುವೆ ಆ ದಿನ ಕೆಲಸದ ಮೇಲಿರದ ಇಬ್ಬರು ಪೈಲಟ್‌ಗಳೂ ಇದ್ದರು. ಅವರೂ ಹಿಮ ನೋಡಿದರು. ಮುಂದೆ ಕೂತವರಿಗೆ ಗೊತ್ತೇ ಇರುತ್ತದೆ, ಹೊರಡುವ ಮೊದಲು ತೆಗೆಸುತ್ತಾರೆ ಎಂಬ ನಂಬಿಕೆಯಲ್ಲಿ ಸುಮ್ಮನಿದ್ದರು. ಗಗನಸಖಿ ಸೋನಿಯಾ ಹಾರ್ಟ್‌ವಿಕ್ ಕೂಡ ನೋಡಿದರು. ಅವರೂ ಪೈಲಟ್‌ಗೆ ಹೇಳಲಿಲ್ಲ. ವಿಮಾನ ಹಾರಿಸುವ ವಿಷಯದಲ್ಲಿ ಗಗನಸಖಿಯರು ಮಾತಾಡುವುದನ್ನು ಪೈಲಟ್‌ಗಳು ಇಷ್ಟಪಡುವುದಿಲ್ಲ ಎಂಬ ವಾತಾವರಣ ಆಗಿನದು.

ವಿಮಾನ ರನ್‌ವೇಯ ಕೊನೆಯಲ್ಲಿ ನೆಲ ಬಿಟ್ಟು, ಮೇಲೇರಲಾರದೆ ಮರಗಳಿಗೆ ಬಡಿದು ಉರಿಯಿತು. 69 ಜನರಲ್ಲಿ 24 ಮಂದಿ ಸತ್ತರು. ಪೈಲಟ್‌ಗಳಿಬ್ಬರೂ ಅದರಲ್ಲಿದ್ದರು. ನಾಲ್ವರು ಸಿಬ್ಬಂದಿಯಲ್ಲಿ ಉಳಿದವರು ಹಾರ್ಟ್‌ವಿಕ್ ಒಬ್ಬರೇ.

ಸತ್ತ ಕ್ಯಾಪ್ಟನ್ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವುದು ಸುಲಭವಿತ್ತು. ತನಿಖೆ ಮಾಡಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್‌ಸ್ಕಿ ಹಾಗೆ ಮಾಡಲಿಲ್ಲ. ಕೆಟ್ಟ ಸಹಾಯಕ ಎಂಜಿನ್ ರಿಪೇರಿ ಮಾಡದೆ ಹಾರಲು ಬಿಟ್ಟವರು ಯಾರು, ಕಂಪನಿಯ ಕೈಪಿಡಿಗಳು ಹೇಗಿದ್ದವು, ಸರ್ಕಾರದ ಇಲಾಖೆ ತಪಾಸಣೆ ಸರಿಯಾಗಿ ಮಾಡಿತ್ತೇ, ಸಿಬ್ಬಂದಿ ಯಾಕೆ ಬಾಯಿ ಬಿಡಲಿಲ್ಲ ಎಂದು ಬುಡದಿಂದ ಹುಡುಕಿದರು. 1992ರಲ್ಲಿ ಬಂದ ಅವರ ಅಂತಿಮ ವರದಿಯೊಂದಿಗೆ ಒಟ್ಟು 191 ಶಿಫಾರಸುಗಳಾದವು. ಕ್ಯಾಪ್ಟನ್ ಹೊಣೆಗಾರ ಹೌದು, ಆದರೆ ಅವರನ್ನು ಆ ಇಕ್ಕಟ್ಟಿಗೆ ತಂದು ನಿಲ್ಲಿಸಿದ್ದು ಇಡೀ ವ್ಯವಸ್ಥೆ ಎಂಬುದು ವರದಿಯ ಸಾರ.

ಸ್ವೀಡನ್, 1991: ಬೆವರುವ ಬಾಟಲಿ

ಹಿಮ ಕಣ್ಣಿಗೆ ಕಂಡರೆ ಸರಿ. ಕಾಣದ ಐಸ್ ಇದ್ದರೆ?

ಬೇಸಿಗೆಯಲ್ಲಿ ಫ್ರಿಜ್‌ನಿಂದ ನೀರಿನ ಬಾಟಲಿ ತೆಗೆದಿಟ್ಟರೆ ಹೊರಗೆಲ್ಲ ನೀರ ಹನಿ ಕೂರುತ್ತದೆ. ವಿಮಾನದ ರೆಕ್ಕೆಯೂ ಒಂದು ಬಾಟಲಿಯಂತೆಯೇ, ಇಂಧನದ ಟ್ಯಾಂಕ್ ಇರುವುದು ರೆಕ್ಕೆಯೊಳಗೆ. ಮೇಲೆ ಹಾರುವಾಗ ಹೊರಗಿನ ಗಾಳಿ ಮೈನಸ್ 50 ಡಿಗ್ರಿ ಇರಬಹುದು. ಗಂಟೆಗಟ್ಟಲೆ ಅದರಲ್ಲಿ ಹಾರಿ ಬಂದ ಇಂಧನ ಕೊರೆಯುವಷ್ಟು ತಣ್ಣಗಿರುತ್ತದೆ. ಇಳಿದ ಮೇಲೆ ಆ ರೆಕ್ಕೆ ಮೇಲೆ ಮಳೆ ಬಿದ್ದರೆ, ತೇವದ ಗಾಳಿ ತಾಗಿದರೆ, ಹೊರಗೆ ಸೊನ್ನೆಗಿಂತ ಹೆಚ್ಚು ಉಷ್ಣಾಂಶ ಇದ್ದರೂ ಐಸ್ ಕಟ್ಟಬಹುದು. ಅದು ಗಾಜಿನಂತೆ ಪಾರದರ್ಶಕ. ಒದ್ದೆ ರೆಕ್ಕೆಗೂ ಐಸ್ ಕಟ್ಟಿದ ರೆಕ್ಕೆಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ.

1991ರ ಡಿಸೆಂಬರ್ 27ರಂದು ಸ್ಟಾಕ್‌ಹೋಮ್‌ನಲ್ಲಿ ಎಸ್‌ಎಎಸ್ ಕಂಪನಿಯ ಎಂಡಿ-81 ವಿಮಾನಕ್ಕೆ ಹೀಗೇ ಆಯಿತು. ಹೊರಡುವ ಮೊದಲು ದ್ರವ ಹೊಡೆದಿದ್ದರು. ಆದರೂ ರೆಕ್ಕೆ ಮೇಲಿನ ಪಾರದರ್ಶಕ ಐಸ್ ಪೂರ್ತಿ ಹೋಗಿರಲಿಲ್ಲ. ನೆಲ ಬಿಡುವಾಗ ಆ ಗಡ್ಡೆಗಳು ಕಿತ್ತು, ಬಾಲದ ಹತ್ತಿರ ಇದ್ದ ಎರಡೂ ಎಂಜಿನ್‌ಗಳ ಒಳಗೆ ಹೋದವು. ಎರಡೂ ನಿಂತವು. ಗಾಟ್ರೋರಾ ಎಂಬ ಹಳ್ಳಿಯ ಹೊಲದಲ್ಲಿ ವಿಮಾನ ಬಿದ್ದು ಮೂರು ತುಂಡಾಯಿತು. 129 ಜನರೂ ಬದುಕಿದರು.

ಈಗ ಇಂಥ ಅನುಮಾನ ಇದ್ದ ಕಡೆ ರೆಕ್ಕೆಯನ್ನು ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ನೋಡಬೇಕು ಎನ್ನುತ್ತಾರೆ.

ನ್ಯೂಯಾರ್ಕ್, 1992: ಗಡಿಯಾರ ಬಂತು

1992ರ ಮಾರ್ಚ್ 22ರ ರಾತ್ರಿ ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಲ್ಲಿ ಯುಎಸ್‌ಏರ್ ಕಂಪನಿಯ ವಿಮಾನಕ್ಕೆ ಎರಡು ಸಲ ದ್ರವ ಹೊಡೆದಿದ್ದರು. ಎರಡನೇ ಸಲ ಹೊಡೆದ ಸುಮಾರು 35 ನಿಮಿಷದ ಮೇಲೆ ಅದು ಹೊರಟಿತು. ಡ್ರೈಡನ್‌ನದ್ದೇ ಮಾದರಿ, ಫೋಕರ್ ಎಫ್-28. ಮೇಲೇರಲಾಗದೆ ನೀರಿಗೆ ಬಿತ್ತು. 51 ಜನರಲ್ಲಿ 27 ಮಂದಿ ಸತ್ತರು. ವಾಷಿಂಗ್ಟನ್‌ನಲ್ಲಿ ಆದದ್ದೇ ಹತ್ತು ವರ್ಷದ ಮೇಲೆ ಮತ್ತೆ ಆಯಿತು.

ಅದೇ ವರ್ಷ ಅಮೆರಿಕದ ವಿಮಾನಯಾನ ಇಲಾಖೆ ಹೊಸ ನಿಯಮ ತಂದು, ಚಳಿಗಾಲಕ್ಕೆ ಮೊದಲೇ ಜಾರಿ ಮಾಡಿತು. ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ.

ಭತ್ತಕ್ಕೆ ಎಣ್ಣೆ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಔಷಧಿ ಹೊಡೆದ ಸ್ವಲ್ಪ ಹೊತ್ತಿಗೇ ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ರೆಕ್ಕೆಗೂ ಹಾಗೆಯೇ. ಕಿತ್ತಳೆ ಬಣ್ಣದ ದ್ರವ ಗ್ಲೈಕಾಲ್ ಮತ್ತು ನೀರಿನ ಬಿಸಿ ಮಿಶ್ರಣ. ಅದು ಇರುವ ಹಿಮ, ಐಸ್ ಕರಗಿಸಿ ತೊಳೆಯುತ್ತದೆ, ಆದರೆ ಹಿಮ ಬೀಳುತ್ತಿದ್ದರೆ ಹೆಚ್ಚು ಹೊತ್ತು ಕಾಯುವುದಿಲ್ಲ. ಹಸಿರು ದ್ರವ ಗಂಜಿಯಂತೆ ಮಂದ. ಅದು ರೆಕ್ಕೆಗೆ ಹಚ್ಚಿಕೊಂಡು, ಹೊಸದಾಗಿ ಬೀಳುವ ಹಿಮವನ್ನು ತಾನು ಹೀರಿಕೊಳ್ಳುತ್ತದೆ. ವಿಮಾನ ವೇಗವಾಗಿ ಓಡುವಾಗ ಗಾಳಿಗೆ ತಾನೇ ಜಾರಿ ಹೋಗುತ್ತದೆ.

ಯಾವ ದ್ರವ, ಎಷ್ಟು ಚಳಿ, ಬೀಳುತ್ತಿರುವುದು ಹಿಮವೋ ಮಳೆಯೋ, ಜೋರೋ ಸಣ್ಣಗೋ ಎಂಬುದರ ಮೇಲೆ ಅದು ಎಷ್ಟು ನಿಮಿಷ ಕಾಪಾಡುತ್ತದೆ ಎಂಬ ಕೋಷ್ಟಕಗಳಿವೆ. ಕೊನೆಯ ಸಲ ಹೊಡೆಯಲು ಶುರು ಮಾಡಿದ ಹೊತ್ತಿನಿಂದ ಲೆಕ್ಕ. ಅದನ್ನು ಕೆಳಗಿನ ಸಿಬ್ಬಂದಿ ಪೈಲಟ್‌ಗೆ ತಿಳಿಸುತ್ತಾರೆ. ಆ ಅವಧಿ ಮುಗಿದರೆ ಹಾಗೇ ಹೊರಡುವಂತಿಲ್ಲ. ಹೊರಡುವ ಮೊದಲಿನ 5 ನಿಮಿಷದೊಳಗೆ ರೆಕ್ಕೆ ಪರೀಕ್ಷಿಸಿ ಶುದ್ಧವಾಗಿದೆ ಎಂದು ಖಚಿತ ಮಾಡಿಕೊಳ್ಳಬೇಕು, ಇಲ್ಲವೇ ವಾಪಸ್ ಹೋಗಿ ಮತ್ತೆ ಹೊಡೆಸಬೇಕು.

ಹಾಗೆಂದು ಎಲ್ಲ ಹಿಮಕ್ಕೂ ಒಂದೇ ನಿಯಮ ಅಲ್ಲ. ಇಂಧನ ಟ್ಯಾಂಕಿನ ಕೆಳಗೆ, ರೆಕ್ಕೆಯ ಅಡಿಭಾಗದಲ್ಲಿ ಸುಮಾರು 3 ಮಿಲಿಮೀಟರ್‌ವರೆಗೆ ಹೆಪ್ಪುಗಟ್ಟಿದ ಇಬ್ಬನಿ ಇದ್ದರೆ ಹಲವು ವಿಮಾನಗಳಿಗೆ ಒಪ್ಪಿಗೆ ಇದೆ. ಮೈಮೇಲಿನ ಅಕ್ಷರ ಕಾಣುವಷ್ಟು ತೆಳುವಾದ ಇಬ್ಬನಿಯೂ ನಡೆಯುತ್ತದೆ. ರೆಕ್ಕೆಯ ಮೇಲ್ಭಾಗ, ಮುಂಅಂಚು, ಬಾಲ ಮಾತ್ರ ಶುದ್ಧ ಇರಬೇಕು. ಸುತ್ತ ನಡೆದು ನೋಡುವವರು, ಮುಟ್ಟುವವರು, ಹೊಡೆಯುವವರು ಬೇರೆ ಬೇರೆ. ಕೊನೆಯ ತೀರ್ಮಾನ, ಹೊಣೆ ಕ್ಯಾಪ್ಟನ್‌ದು.

ಮೇಷ್ಟ್ರಿಗೆ ಹೇಳಿದ್ದು

ಇಷ್ಟೆಲ್ಲ ಓದಿದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆವು. ಡ್ರೈಡನ್ ಕಥೆ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅಲ್ಲಪ್ಪಾ, ಅಷ್ಟು ಜನ ನೋಡಿದ್ರಲ್ಲ, ಒಬ್ಬರಾದ್ರೂ ಎದ್ದು ಹೋಗಿ ಹೇಳಬಾರದಿತ್ತಾ?"

ಹೇಳಬೇಕಿತ್ತು. ಆದರೆ ನಾವಾಗಿದ್ದರೆ ಹೇಳುತ್ತಿದ್ದೆವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಸಿರುಗುಪ್ಪ, ಕುರುಗೋಡಿನ ರೈತರ ಎದೆ ಒಡೆದಿತ್ತು. ಆ ವಾರವಿಡೀ ಚಹಾದಂಗಡಿಗಳಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆ ಚೈನನ್ನು ಕೊನೆಯ ಸಲ ಯಾರು, ಯಾವಾಗ ನೋಡಿದ್ದರು? ಗೇಟು ಹೋದ ಮೇಲೆ ನಾವೆಲ್ಲ ಕೇಳಿದೆವು. ಹೋಗುವ ಮೊದಲು ನಾವೂ ಕೇಳಿರಲಿಲ್ಲ, ಪತ್ರಿಕೆಯವರಾದ ನಾವು ಕೂಡ.

ಡ್ರೈಡನ್ ತನಿಖೆಯ ನಂತರ ವಿಮಾನ ಕಂಪನಿಗಳಲ್ಲಿ ಗಗನಸಖಿಯರಿಗೂ ಪೈಲಟ್‌ಗಳಿಗೂ ಕೊಡುವ ತರಬೇತಿ ಬದಲಾಯಿತು. ಅನುಮಾನ ಬಂದರೆ ಹೇಳಬೇಕು, ಹೇಳಿದವರನ್ನು ಗದರಿಸಬಾರದು ಎಂಬುದು ಅದರಲ್ಲಿ ಸೇರಿತು. ನಿಮ್ಮ ಮನೆಯವರು ಚಳಿ ದೇಶದಿಂದ ಹೊರಡುವಾಗ ರೆಕ್ಕೆ ಮೇಲೆ ಬೆಳ್ಳಗೆ ಏನಾದರೂ ಕಂಡು, ದ್ರವ ಹೊಡೆಯದೆ ವಿಮಾನ ಹೊರಟಂತೆ ಅನಿಸಿದರೆ ಗಗನಸಖಿಗೆ ಹೇಳಲಿ. ಇಂಗ್ಲಿಷ್ ಬಾರದಿದ್ದರೆ ಬೆರಳು ಮಾಡಿ ತೋರಿಸಿದರೂ ಸಾಕು.

ಮೇಷ್ಟ್ರು ಬರುವ ವರ್ಷ ಮತ್ತೆ ಟೊರಾಂಟೊಕ್ಕೆ ಹೋಗುತ್ತಾರಂತೆ. ಈ ಸಲ ರೆಕ್ಕೆ ಕಾಣುವ ಕಿಟಕಿ ಸೀಟೇ ಬೇಕು ಎಂದು ಮಗಳಿಗೆ ಈಗಲೇ ಹೇಳಿಟ್ಟಿದ್ದಾರೆ.